ಕುದುರೆ ಮೇಯುವ ಬಯಲಿಗೆ ಬಿಡುವು ಕೊಡಿ

ಪಶುವೈದ್ಯನಾಗಿ ನನ್ನ ಸೇವೆಯ ಬಹುಪಾಲು ಕಳೆದದ್ದು ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ: ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಕೊನೆಗೆ ಶ್ರೀರಂಗಪಟ್ಟಣ. ಆಗ ಆಸ್ಪತ್ರೆಗೆ ಬರುತ್ತಿದ್ದುದು ಹಳ್ಳಿಕಾರ್ ಎತ್ತು, ಎಮ್ಮೆ, ಕುರಿ, ಮೇಕೆ. ಕುದುರೆ ಎಂದರೆ ಪೇಟೆಯ ಜಟಕಾ ಕುದುರೆ. ಜಟಕಾಗಳು ಹೋದ ಮೇಲೆ ಕುದುರೆಗಳ ಕಾಲವೂ ಮುಗಿಯಿತು ಎಂದೇ ಎಲ್ಲರೂ ಭಾವಿಸಿದ್ದರು. ಈಗ ನೋಡಿದರೆ ಕುದುರೆ ಮತ್ತೆ ಬಂದಿದೆ. ಹೆದ್ದಾರಿಯ ಆಚೀಚೆ ತೋಟದ ಮನೆ ಮಾಡಿಕೊಂಡವರು ರೇಸ್ ಬಿಟ್ಟ ಕುದುರೆಗಳನ್ನು ತಂದು ಸಾಕುತ್ತಿದ್ದಾರೆ. ಹಳ್ಳಿಯ ಹುಡುಗರು ಗಾಡಿ ಓಟಕ್ಕೆಂದು ಕುದುರೆ ಕಟ್ಟಿದ್ದಾರೆ. ನಿವೃತ್ತನಾದ ನನಗೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ಮಾತ್ರ ತಪ್ಪುವುದಿಲ್ಲ: “ಡಾಕ್ಟ್ರೇ, ಕುದುರೆ ಬಿಡೋ ಜಾಗ ಎಲ್ಲಾ ಕಳೆ ತುಂಬ್ಕೊಂಡಿದೆ, ಯಾವ ಔಷಧಿ ಹೊಡೀಲಿ?”

ಔಷಧಿಯ ಮಾತು ಆಮೇಲೆ. ಮೊದಲು ಆ ಜಾಗದಲ್ಲಿ ಹುಲ್ಲು ಯಾಕೆ ಸೋತಿತು ಎಂದು ನೋಡಬೇಕು. ನಾನು ನೋಡಿದ ಮಟ್ಟಿಗೆ, ಗರಿಕೆ ದಟ್ಟವಾಗಿ ಹಬ್ಬಿದ ಕಡೆ ಪಾರ್ಥೇನಿಯಂಗೆ ಕಾಲಿಡಲು ಜಾಗ ಸಿಗುವುದಿಲ್ಲ. ನೆಲ ಬೆತ್ತಲಾದ ಕಡೆಯೇ ಅದು ಬರುತ್ತದೆ. ನೆಲ ಬೆತ್ತಲಾಗುವುದರಲ್ಲಿ ಕುದುರೆಯ ಪಾಲು ದೊಡ್ಡದು.

ಹಸು ಹುಲ್ಲನ್ನು ನಾಲಿಗೆಯಿಂದ ಸುತ್ತಿ ಎಳೆದು ಕೀಳುತ್ತದೆ. ಅದಕ್ಕೆ ಮೇಲಿನ ಬಾಚಿಹಲ್ಲುಗಳಿಲ್ಲ, ಹಾಗಾಗಿ ಬುಡದಲ್ಲಿ ಎರಡು ಮೂರು ಅಂಗುಲ ಉಳಿಯುತ್ತದೆ. ಕುದುರೆಗೆ ಮೇಲೂ ಕೆಳಗೂ ಬಾಚಿಹಲ್ಲುಗಳಿವೆ. ತುಟಿಯಿಂದ ಆರಿಸಿ, ನೆಲಕ್ಕೆ ಹತ್ತಿದಂತೆ ಕತ್ತರಿಸುತ್ತದೆ. ಬಯಲಿಗೆ ಬಿಟ್ಟರೆ ದಿನಕ್ಕೆ 14ರಿಂದ 16 ಗಂಟೆ ಮೇಯುತ್ತದೆ. ರುಚಿ ಕಂಡ ಜಾಗಕ್ಕೆ ನಾಳೆಯೂ ಬರುತ್ತದೆ, ನಾಡಿದ್ದೂ ಬರುತ್ತದೆ. ಚಿಗುರಿದ ಎರಡು ಎಳೆಯನ್ನೂ ಬಿಡದೆ ತಿಂದಾಗ ಹುಲ್ಲಿನ ಬೇರು ಸೊರಗುತ್ತದೆ. ಇದರ ಜೊತೆಗೆ ಇನ್ನೊಂದು ಸ್ವಭಾವವಿದೆ: ಲದ್ದಿ ಹಾಕಿದ ಜಾಗದಲ್ಲಿ ಕುದುರೆ ಬಾಯಿ ಹಾಕುವುದಿಲ್ಲ. ಲದ್ದಿಗೆಂದೇ ಒಂದು ಮೂಲೆಯನ್ನು ಗೊತ್ತು ಮಾಡಿಕೊಳ್ಳುತ್ತದೆ. ಶ್ರೀರಂಗಪಟ್ಟಣದ ಹತ್ತಿರ ಒಂದೂವರೆ ಎಕರೆಯಲ್ಲಿ ಮೂರು ಕುದುರೆ ಬಿಟ್ಟಿದ್ದ ತೋಟಕ್ಕೆ ಹೋಗಿದ್ದೆ. ಗೇಟಿನ ಬಳಿ, ನೀರಿನ ತೊಟ್ಟಿಯ ಸುತ್ತ ಅಂಗಳದಂತೆ ಬೋಳು ನೆಲ. ಆಚೆ ಮೂಲೆಯಲ್ಲಿ ಮೊಣಕಾಲುದ್ದದ ಒರಟು ಹುಲ್ಲು, ಅದರ ಮಧ್ಯೆ ಉತ್ತರಾಣಿ, ಉಮ್ಮತ್ತಿ. ಬೋಳು ನೆಲದ ಅಂಚಿನಲ್ಲಿ ಪಾರ್ಥೇನಿಯಂ ಹೂ ಬಿಟ್ಟು ನಿಂತಿತ್ತು. ಒಂದೇ ಬಯಲು, ಒಂದು ಕಡೆ ಅತಿಯಾಗಿ ಮೇದು ಕೆಟ್ಟಿತ್ತು, ಇನ್ನೊಂದು ಕಡೆ ಮೇಯದೆಯೇ ಕೆಟ್ಟಿತ್ತು. ಮಾಲೀಕರು ಕಳೆನಾಶಕದ ಡಬ್ಬಿ ತಂದಿಟ್ಟುಕೊಂಡಿದ್ದರು. ಅದನ್ನು ಹೊಡೆದಿದ್ದರೂ ಮುಂದಿನ ಮಳೆಗೆ ಆ ಬೋಳು ನೆಲ ಮತ್ತೆ ಕಳೆಯದ್ದೇ ಆಗುತ್ತಿತ್ತು.

ಹುಲ್ಲುಗಾವಲನ್ನು ಕಾಯುವ ವಿದ್ಯೆ ನಮ್ಮ ಸೀಮೆಗೆ ಹೊಸದೇನಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ ಮುಂದೆ ಹೈದರನ ಕೈಯಲ್ಲಿ ಬೆಳೆದು, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಸೈನ್ಯದ ಫಿರಂಗಿ, ಸಾಮಾನು ಎಳೆಯುವ ದನಗಳಿಗೆಂದು ಮೈಸೂರು ಸೀಮೆಯಲ್ಲಿ ಹರಡಿದ್ದ ಕಾವಲುಗಳನ್ನು ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆ ಕಾವಲು ಎಂದು ವಿಂಗಡಿಸಿದ್ದರು. ಕೆರೆಯ ಹಿಂಭಾಗದ ತಂಪು ಜಾಗಗಳು, ನೆರಳಿರುವ ಜಾಗಗಳು ಬೇಸಿಗೆಗೆ ಮೀಸಲು. ಮಂದೆ ಒಂದು ಕಾವಲಿನಲ್ಲಿದ್ದಾಗ ಉಳಿದವು ಬೀಜ ಕಟ್ಟಿ, ಉದುರಿಸಿ, ಮತ್ತೆ ಚಿಗುರುತ್ತಿದ್ದವು. ಕುದುರೆಗೂ ಇದೇ ಸೀಮೆಯಲ್ಲಿ ಜಾಗವಿತ್ತು. ನಾಗಮಂಗಲದ ಪಕ್ಕದ ತಾಲ್ಲೂಕಾದ ಕುಣಿಗಲ್‌ನ ಕುದುರೆ ಫಾರಂ ಟಿಪ್ಪುವಿನ ಕಾಲದ್ದು. ಅವನ ಅಶ್ವದಳಕ್ಕೆಂದು ಶುರುವಾದ ಆ ಫಾರಂ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೂ ಉಳಿದು, ಇಂದಿಗೂ 400 ಎಕರೆಗೂ ಹೆಚ್ಚಿನ ನೆಲವಾಗಿ ಆ ಊರಿನ ಗುರುತಾಗಿದೆ. ಅಷ್ಟು ದೊಡ್ಡ ಜಾಗದಲ್ಲಿ ಸಾಧ್ಯವಾಗುವ ಬಿಡುವಿನ ಮೇಯಿಸುವಿಕೆ ಒಂದೂವರೆ ಎಕರೆಯಲ್ಲೂ ಸಾಧ್ಯ. ಬೇಲಿ ಚಿಕ್ಕದಾಗಬೇಕು, ಅಷ್ಟೇ.

ಈಗ ಪಾರ್ಥೇನಿಯಂಗೆ ಬರುತ್ತೇನೆ. ನಮ್ಮ ಕಡೆ ಕಾಂಗ್ರೆಸ್ ಗಿಡ ಎಂದರೂ ಅದೇ. ಮೆಕ್ಸಿಕೋ ಸೀಮೆಯ ಈ ಗಿಡ ಭಾರತದಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ, ಪುಣೆಯಲ್ಲಿ. ಆಮದಾದ ಗೋಧಿಯ ಜೊತೆ ಬಂತು ಎನ್ನುವುದು ಬಹಳ ಜನ ಹೇಳುವ ಕತೆ. ಮುಂದಿನ 20 ವರ್ಷಗಳಲ್ಲಿ ಅದು ಕರ್ನಾಟಕವನ್ನು ಎಷ್ಟು ಆವರಿಸಿತೆಂದರೆ 1975ರಲ್ಲಿ ರಾಜ್ಯ ಸರ್ಕಾರ ಅದನ್ನು ಹಾನಿಕಾರಕ ಕಳೆ ಎಂದು ಕಾನೂನಿನಡಿ ಘೋಷಿಸಿತು. ಘೋಷಣೆಯಿಂದ ಗಿಡ ನಿಲ್ಲಲಿಲ್ಲ. ಒಂದು ಗಿಡ 15,000ದಿಂದ 25,000 ಬೀಜ ಕೊಡುತ್ತದೆ. ತೇವ ಸಿಕ್ಕರೆ ಯಾವ ಕಾಲದಲ್ಲೂ ಮೊಳೆಯುತ್ತದೆ, ಮೊಳೆತು ನಾಲ್ಕರಿಂದ ಆರು ವಾರಕ್ಕೆ ಹೂ ಬಿಡುತ್ತದೆ. ಬೇರು ಮತ್ತು ಕೊಳೆತ ಎಲೆಗಳಿಂದ ಒಸರುವ ರಾಸಾಯನಿಕಗಳು ಪಕ್ಕದ ಹುಲ್ಲಿನ ಬೀಜ ಮೊಳೆಯದಂತೆ ತಡೆಯುತ್ತವೆ. ಬೀಜಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕೂರುತ್ತವೆ.

ಅದರೊಳಗಿನ ಪಾರ್ಥೆನಿನ್ ಎಂಬ ವಸ್ತು ಮನುಷ್ಯರಿಗೆ ಚರ್ಮದ ತುರಿಕೆ, ಉಬ್ಬಸ ತರುತ್ತದೆ. ಇದರ ನಡುವೆ ಮೇದ ದನಗಳ ಮೂತಿ, ಕೆಚ್ಚಲು, ಕಾಲುಗಳ ಮೇಲೆ ಹುಣ್ಣಾಗಿದ್ದನ್ನು ನಾಗಮಂಗಲದಲ್ಲಿ ನಾನೇ ಎಷ್ಟೋ ಸಲ ನೋಡಿ ಮುಲಾಮು ಬರೆದುಕೊಟ್ಟಿದ್ದೇನೆ. ಹಾಲು ಕಹಿಯಾಯಿತೆಂದು ಡೇರಿಯಿಂದ ವಾಪಸು ತಂದ ಹೆಂಗಸರೂ ಇದ್ದರು. ಕುದುರೆ ಹಸಿ ಗಿಡವನ್ನು ಸಾಮಾನ್ಯವಾಗಿ ಮೂಸಿ ಬಿಡುತ್ತದೆ. ಅಪಾಯವಿರುವುದು ಒಣಹುಲ್ಲಿನಲ್ಲಿ. ಹೊಲದ ಬದುವಿನಲ್ಲಿ ಕೊಯ್ದು ಹೊರೆ ಕಟ್ಟಿದ ಹುಲ್ಲಿನೊಳಗೆ ಪಾರ್ಥೇನಿಯಂ ಸೇರಿ ಒಣಗಿದಾಗ ಬೇರ್ಪಡಿಸಿ ಬಿಡುವುದು ಕುದುರೆಗೆ ಕಷ್ಟ. ಅದೇ ಹೊರೆಯಿಂದ ಬೀಜ ಉದುರಿ ಬಯಲಿಗೂ ಹೋಗುತ್ತದೆ.

“ಕಿತ್ತಾಕಿದ್ರೆ ಏನ್ ಬಂತು ಸಾ, ಇನ್ನೊಂದ್ ಮಳೆ ಬಿದ್ರೆ ಮತ್ತೆ ಎದ್ ನಿಂತ್ಕತದೆ” ಎಂದು ಬಿಂಡಿಗನವಿಲೆ ಕಡೆಯ ಹಿರಿಯರೊಬ್ಬರು ಹೇಳಿದ್ದರು. ಅವರ ಮಾತಿನಲ್ಲಿ ಸತ್ಯವಿದೆ, ಏಕೆಂದರೆ ಅಲ್ಲಿ ಕೀಳುತ್ತಿದ್ದುದು ಹೂ ಬಿಟ್ಟ ಮೇಲೆ, ಅದೂ ಕುಡುಗೋಲಿನಿಂದ ಕೊಯ್ದು. ಕೊಯ್ದ ಗಿಡ ಬುಡದಿಂದ ನಾಲ್ಕು ಕವಲೊಡೆದು ಮತ್ತೆ ಏಳುತ್ತದೆ. ಹೂ ಬಿಟ್ಟ ಗಿಡವನ್ನು ಎಳೆದಾಡಿದರೆ ಬೀಜವನ್ನು ನಾವೇ ಬಿತ್ತಿದಂತಾಗುತ್ತದೆ. ಕೀಳಬೇಕಾದ ಸಮಯ ಬೇರೆ. ಮೊದಲ ಹದಮಳೆ ಬಿದ್ದು ಎರಡು ಮೂರು ವಾರ ಕಳೆದಾಗ ಎಲೆಗಳು ನೆಲಕ್ಕೆ ಹರಡಿ, ಮಧ್ಯದ ಕಾಂಡ ಇನ್ನೂ ಎದ್ದಿರುವುದಿಲ್ಲ. ಬೆಳಗ್ಗೆ ಮಣ್ಣು ತೇವವಾಗಿದ್ದಾಗ ಎಲೆಯ ಸುತ್ತನ್ನೆಲ್ಲ ಒಟ್ಟಿಗೆ ಹಿಡಿದು, ಸ್ವಲ್ಪ ತಿರುಚಿ ಎಳೆದರೆ ಬಿಳಿಯ ತಾಯಿಬೇರು ಪೂರ್ತಿ ಕೈಗೆ ಬರುತ್ತದೆ. ಗಟ್ಟಿ ಗರಸು ನೆಲದಲ್ಲಿ ಕುರ್ಚಿಗೆಯ ತುದಿ ಹಾಕಿ ಮೀಟಬೇಕು. ಕೈಗೆ ಗವಸು, ಮೈಗೆ ತುಂಬು ತೋಳಿನ ಅಂಗಿ, ಮೂಗಿಗೆ ಬಟ್ಟೆ ಇಲ್ಲದೆ ಯಾರನ್ನೂ ಈ ಕೆಲಸಕ್ಕೆ ಇಳಿಸಬೇಡಿ. ತುರಿಕೆ ಒಮ್ಮೆ ಅಂಟಿಕೊಂಡರೆ ಜೀವಮಾನವಿಡೀ ಕಾಡುತ್ತದೆ, ಕೂಲಿ ಹೆಣ್ಣುಮಕ್ಕಳ ಮೊಣಕೈಯಲ್ಲಿ ಅದನ್ನು ಬಹಳ ನೋಡಿದ್ದೇನೆ. ಹೂವಿಲ್ಲದ ಗಿಡವನ್ನು ಗುಂಡಿಗೆ ಹಾಕಿ ಸಗಣಿ, ಮಣ್ಣು ಮುಚ್ಚಿದರೆ ಒಳ್ಳೆಯ ಗೊಬ್ಬರ. ಹೂ ಬಂದಿದ್ದರೆ ಚೀಲದೊಳಗೆ ತುಂಬಿಕೊಂಡೇ ಹೊರಗೆ ಸಾಗಿಸಿ ಸುಡಬೇಕು.

ನಮಗೆ ಒಬ್ಬ ಜೊತೆಗಾರನೂ ಇದ್ದಾನೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮೆಕ್ಸಿಕೋದಿಂದ ಜೈಗೊಗ್ರಾಮ ಎಂಬ ದುಂಬಿಯನ್ನು ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಕೆನೆ ಬಣ್ಣದ ಬೆನ್ನಿನ ಮೇಲೆ ಕಂದು ಗೆರೆಗಳಿರುವ, ಅವರೆಕಾಳಿಗಿಂತ ಚಿಕ್ಕ ಹುಳು. ಹುಳುವೂ ಅದರ ಮರಿಗಳೂ ಪಾರ್ಥೇನಿಯಂ ಎಲೆಯನ್ನು, ಮೊಗ್ಗನ್ನು ತಿಂದು ಕಡ್ಡಿಯಷ್ಟೇ ಉಳಿಸುತ್ತವೆ. ಸೂರ್ಯಕಾಂತಿ ಹೊಲದಲ್ಲಿ ಈ ಹುಳು ಕಂಡಾಗ ದೊಡ್ಡ ಗಲಾಟೆಯೇ ಆಗಿತ್ತು. ಸೂರ್ಯಕಾಂತಿ ಅದರ ನಿಜವಾದ ಆಹಾರವಲ್ಲ ಎಂದು ತಿಳಿಯುವವರೆಗೆ ಹುಳು ಬಿಡುವ ಕೆಲಸ ಕುಂಟಿತು. ಈಗ ಅದು ನಮ್ಮ ಜಿಲ್ಲೆಯಲ್ಲೂ ತಾನಾಗಿ ಹರಡಿದೆ. ಜುಲೈ, ಆಗಸ್ಟ್‌ನಲ್ಲಿ ರಸ್ತೆ ಬದಿಯ ಗಿಡ ಜಲ್ಲಡಿಯಾದಂತೆ ಕಂಡರೆ ಎಲೆಯ ಅಡಿ ನೋಡಿ, ಸಿಗುತ್ತದೆ. ತೂತು ಮಾಡಿದ ಡಬ್ಬಿಯಲ್ಲಿ ಹಿಡಿದು ತಂದು ನಿಮ್ಮ ಬಯಲಿನ ಗಿಡದ ಮೇಲೆ ಬಿಡಬಹುದು.

ಆದರೆ ಈ ಹುಳುವನ್ನು ನಂಬಿ ಕೂರುವಂತಿಲ್ಲ. ನವೆಂಬರ್ ಹೊತ್ತಿಗೆ ಅದು ಮಣ್ಣಿನೊಳಗೆ ಸೇರಿ, ಮುಂಗಾರು ಬರುವವರೆಗೆ ಮಲಗಿಬಿಡುತ್ತದೆ. ನಾಗಮಂಗಲದಂಥ ಖುಷ್ಕಿ ನೆಲದಲ್ಲಿ ಆ ಹೊತ್ತಿಗೆ ಗಿಡವೂ ಒಣಗಿರುತ್ತದೆ, ಲೆಕ್ಕ ಸರಿಹೋಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ಪಾಂಡವಪುರದಲ್ಲಿ, ವಿರಿಜಾ ನಾಲೆ, ಚಿಕ್ಕದೇವರಾಯ ನಾಲೆಗಳ ಶ್ರೀರಂಗಪಟ್ಟಣದಲ್ಲಿ, ಹೇಮಾವತಿ ನೀರು ಬಂದ ಕೆ.ಆರ್. ಪೇಟೆಯ ಭಾಗಗಳಲ್ಲಿ ನೆಲ ಬೇಸಿಗೆಯಲ್ಲೂ ತೇವ. ಹುಳು ಮಲಗಿರುವಾಗ ಗಿಡ ಎದ್ದಿರುತ್ತದೆ. ನೀರಾವರಿ ಕಡೆಯವರು ಡಿಸೆಂಬರ್‌ನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ ಕೈಯಿಂದ ಕೀಳಲೇಬೇಕು.

ಒಂದು ಕೀಟ ಒಂದು ಕಳೆಯನ್ನು ಮಣಿಸುವುದು ನಂಬಲಾಗದ ಮಾತು ಎನ್ನುವವರಿಗೆ ಪಾಪಾಸುಕಳ್ಳಿಯ ಕತೆ ಹೇಳುತ್ತೇನೆ. 1795ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಕೆಂಪು ಬಣ್ಣ ತೆಗೆಯಲೆಂದು ಬ್ರೆಜಿಲ್‌ನಿಂದ ಒಂದು ಹುಳು ತರಿಸಿದರು. ಬೇಕಾದ ಜಾತಿ ಬಿಟ್ಟು ಬೇರೆ ಜಾತಿ ಬಂದಿತ್ತು. ಬಣ್ಣ ಸಿಗಲಿಲ್ಲ, ಆದರೆ ಅದು ಒಂದು ಜಾತಿಯ ಕಳ್ಳಿಯನ್ನು ತಿಂದು ಮುಗಿಸಿತು. ಉಳಿದ ಇನ್ನೊಂದು ಜಾತಿಯ ಕಳ್ಳಿಗೆ 1926ರಲ್ಲಿ ಶ್ರೀಲಂಕಾದಿಂದ ತಂದ ಮತ್ತೊಂದು ಹುಳು ಕೆಲವೇ ವರ್ಷಗಳಲ್ಲಿ ಕೊನೆ ಹಾಡಿತು. ದಕ್ಷಿಣ ಭಾರತದ ಎಷ್ಟೋ ಸಾವಿರ ಎಕರೆ ಮೇವಿನ ನೆಲ ಹಾಗೆ ಮರಳಿ ಸಿಕ್ಕಿತು.

ಗದ್ದೆ ಸೀಮೆಯ ಕುದುರೆ ಬಯಲಿನಲ್ಲಿ ಪಾರ್ಥೇನಿಯಂಗಿಂತಲೂ ಹಠಮಾರಿ ಎಂದರೆ ಕೊನ್ನಾರಿ, ಕೆಲವರು ಜೇಕು ಎನ್ನುತ್ತಾರೆ. ನೋಡಲು ಹುಲ್ಲಿನಂತೆ, ಕಾಂಡ ಮುಟ್ಟಿದರೆ ಮೂರು ಮೂಲೆ. ಮೇಲೆ ಕಿತ್ತರೆ ಕೆಳಗಿನ ಗೆಡ್ಡೆ ಕಡಿದು ಉಳಿಯುತ್ತದೆ, ಆ ಗೆಡ್ಡೆಗೆ ಹುರಿಯಂತೆ ಅಂಟಿಕೊಂಡ ಇನ್ನಷ್ಟು ಗೆಡ್ಡೆಗಳು ಚಿಗುರುತ್ತವೆ. ಟ್ರ್ಯಾಕ್ಟರಿನಲ್ಲಿ ರೋಟವೇಟರ್ ಹೊಡೆದರೆ ಹೊಲದ ತುಂಬ ಹರಡಿದಂತೆ. ಇದಕ್ಕೆ ಎರಡೇ ಶತ್ರುಗಳು, ಬಿಸಿಲು ಮತ್ತು ನೆರಳು. ಮಾರ್ಚ್, ಏಪ್ರಿಲ್‌ನಲ್ಲಿ ನೀರು ನಿಲ್ಲಿಸಿ, ನೇಗಿಲಿನಿಂದ ಆಳವಾಗಿ ಮಗುಚಿ, ಗೆಡ್ಡೆಗಳು ಬಿಸಿಲಿಗೆ ಒಣಗುವಂತೆ ಬಿಡಬೇಕು. ಎರಡು ವಾರ ಬಿಟ್ಟು ಇನ್ನೊಮ್ಮೆ. ಆಮೇಲೆ ಮುಂಗಾರಿಗೆ ದಟ್ಟವಾಗಿ ಅಲಸಂದೆ ಬಿತ್ತಿ ನೆರಳು ಮಾಡಬೇಕು. ಕೊನ್ನಾರಿಗೆ ನೆರಳು ಆಗದು. ಅಲಸಂದೆ ತೆಗೆದ ಮೇಲೆ ಗರಿಕೆ ನಾಟಿ. ಒಂದು ವರ್ಷ ಆ ಜಾಗಕ್ಕೆ ಕುದುರೆ ಬಿಡುವಂತಿಲ್ಲ. ಇದಕ್ಕಿಂತ ಚಿಕ್ಕ ದಾರಿ ನನಗೆ ಕಂಡಿಲ್ಲ.

ಗದ್ದೆಯವರು ಹಸಿರೆಲೆ ಗೊಬ್ಬರಕ್ಕೆ ಹಾಕುವ ಅಪ್‌ಸೆಣಬನ್ನು ಇದೇ ಕೆಲಸಕ್ಕೆ ಬಿತ್ತಬಹುದಲ್ಲ ಎಂದು ಕೇಳುವುದುಂಟು. ಕುದುರೆ ಇರುವ ಕಡೆ ಬೇಡ. ಅದೇ ಕುಟುಂಬದ, ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಗಿಲ ಎನ್ನುವ ಹಳದಿ ಹೂವಿನ ಕಾಡು ಗಿಡಗಳೂ ನಮ್ಮ ಬಯಲುಗಳಲ್ಲಿ ಬಹಳ. ಇವುಗಳಲ್ಲಿರುವ ವಿಷ ನಿಧಾನವಾಗಿ ಯಕೃತ್ತನ್ನು ಕೆಡಿಸುತ್ತದೆ. ಆಸ್ಟ್ರೇಲಿಯಾದ ಕಿಂಬರ್ಲಿ ಪ್ರದೇಶದಲ್ಲಿ ಇದೇ ಜಾತಿಯ ಗಿಡ ತಿಂದ ಕುದುರೆಗಳು ದಿಕ್ಕೆಟ್ಟು, ಎದುರಿಗೆ ಬೇಲಿಯಿದ್ದರೂ ಗೊತ್ತಾಗದೆ ನಡೆದು ನಡೆದು ಸಾಯುತ್ತಿದ್ದವು. ಕುದುರೆ ವಾಂತಿ ಮಾಡಲಾರದು, ಹೊಟ್ಟೆಗೆ ಹೋದದ್ದು ಹೋಯಿತು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹಾಕುವ ಹರಳು ಇನ್ನೂ ಅಪಾಯ. ಹಿಡಿಯಷ್ಟು ಹರಳು ಬೀಜ ಕುದುರೆಯ ಪ್ರಾಣ ತೆಗೆಯಬಲ್ಲದು. ಬಯಲಿನ ಬೇಲಿಗೆ ಒತ್ತಿಕೊಂಡು ಹರಳು ಬೆಳೆದಿದ್ದರೆ ಕಾಯಿ ಬಲಿಯುವ ಮೊದಲೇ ತೆಗೆಸಿ. ಮೇಲುಕೋಟೆ ಬೆಟ್ಟದ ಸುತ್ತಿನಲ್ಲಿ ತುಂಬಿರುವ ಲಂಟಾನ ದನ, ಕುರಿಗಳಿಗೆ ಕಾಮಾಲೆ ತಂದು, ಬಿಸಿಲಿಗೆ ಚರ್ಮ ಸುಲಿಯುವಂತೆ ಮಾಡುತ್ತದೆ. ಅದನ್ನು ಮೇಲೆ ಸವರಿದರೆ ಪ್ರಯೋಜನವಿಲ್ಲ. ನೆಲದಿಂದ ಎರಡು ಅಂಗುಲ ಕೆಳಗೆ ಬೇರಿನ ಕತ್ತು ಕಡಿದು, ಪೊದೆಯನ್ನು ತಲೆಕೆಳಗಾಗಿ ಒಣಗಲು ಬಿಡಬೇಕು.

ಇನ್ನು ಔಷಧಿ. ಪಾರ್ಥೇನಿಯಂಗೆ ಉಪ್ಪುನೀರು ಹೊಡೆಯಿರಿ ಎನ್ನುತ್ತಾರೆ. ಲೀಟರಿಗೆ 200 ಗ್ರಾಂ ಉಪ್ಪು ಹಾಕಿ ಹೊಡೆದರೆ ಗಿಡ ಸುಡುವುದು ನಿಜ, ರಸ್ತೆ ಬದಿಗೆ ಸರಿ. ಮೇಯುವ ನೆಲಕ್ಕೆ ಹೊಡೆದರೆ ಮಣ್ಣು ಚೌಳಾಗಿ ಹುಲ್ಲೂ ಹೋಗುತ್ತದೆ. ಗ್ಲೈಫೋಸೇಟ್ ಗರಿಕೆಯನ್ನೂ ಕೊಲ್ಲುತ್ತದೆ, ಮತ್ತೆ ನೆಲ ಬೋಳು. 2022ರಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಯನ್ನು ಪರವಾನಗಿ ಇರುವ ಕೀಟ ನಿಯಂತ್ರಕರಿಗೆ ಮಾತ್ರ ಸೀಮಿತಗೊಳಿಸಿತು. 2,4-ಡಿ ಹುಲ್ಲನ್ನು ಉಳಿಸಿ ಅಗಲ ಎಲೆಯ ಕಳೆಯನ್ನು ಮಾತ್ರ ಕೊಲ್ಲುತ್ತದೆ. ಕಳೆ ಕೈಮೀರಿ ಹೋಗಿರುವ ಕಡೆ ಒಮ್ಮೆ ಅದನ್ನು ಬಳಸುವುದಕ್ಕೆ ನನ್ನ ಆಕ್ಷೇಪವಿಲ್ಲ. ಪ್ರಮಾಣವನ್ನು ಡಬ್ಬಿಯ ಚೀಟಿ ಓದಿ, ಕೃಷಿ ಇಲಾಖೆಯವರನ್ನು ಕೇಳಿ ನಿರ್ಧರಿಸಿ. ಗಾಳಿಯಲ್ಲಿ ತೇಲಿದರೆ ಪಕ್ಕದವರ ಟೊಮೇಟೊ, ಬದನೆ ಎಲೆ ಮುದುಡುತ್ತದೆ. ಹೊಡೆದ ಮೇಲೆ ಬಾಡುವ ವಿಷದ ಗಿಡಗಳು ಪ್ರಾಣಿಗಳಿಗೆ ಮೊದಲಿಗಿಂತ ರುಚಿಯಾಗುತ್ತವೆ. ಅವು ಪೂರ್ತಿ ಒಣಗಿ, ತೆಗೆದುಹಾಕುವ ತನಕ ಕುದುರೆಯನ್ನು ಆ ಕಡೆ ಬಿಡಲೇಬಾರದು.

ಬೋಳಾದ ನೆಲಕ್ಕೆ ಏನು ಹಾಕಬೇಕು? ಮಂಡ್ಯದಲ್ಲಿ ಮೇವು ಎಂದರೆ ಎಲ್ಲರ ಬಾಯಲ್ಲೂ ನೇಪಿಯರ್. ಹಸುವಿಗೆ ಒಳ್ಳೆಯದೇ. ಕುದುರೆಗೆ ದಿನವೂ ಅದನ್ನೇ ಹಾಕಿದರೆ ಅದರಲ್ಲಿನ ಆಕ್ಸಲೇಟ್ ಸುಣ್ಣದಂಶವನ್ನು ಕಟ್ಟಿಹಾಕುತ್ತದೆ. ಜೊತೆಗೆ ತವುಡು ಹೆಚ್ಚಾದರೆ ಮೂಳೆ ಮೆತ್ತಗಾಗಿ, ದವಡೆ ಊದಿ, ಕುದುರೆ ಕುಂಟುತ್ತದೆ. ಎರಡೂ ಕಾಲು ಕುಂಟುವ ಒಂದು ಹೆಣ್ಣು ಕುದುರೆಗೆ ಲಾಳ ಬದಲಿಸಿ, ಎಣ್ಣೆ ತಿಕ್ಕಿ ಸುಸ್ತಾದವರ ಮನೆಯಲ್ಲಿ ನಾನು ನೋಡಿದ್ದು ನೇಪಿಯರ್ ಮತ್ತು ತವುಡು, ಬೇರೇನೂ ಇಲ್ಲ. ಮೇವು ಬದಲಿಸಿ, ಸುಣ್ಣದಂಶ ಕೊಟ್ಟ ಮೇಲೆ ನಿಧಾನವಾಗಿ ಚೇತರಿಸಿಕೊಂಡಿತು. ಬಯಲಿಗೆ ಗರಿಕೆಯೇ ಮೇಲು. ತುಂಡು ಮಾಡಿದ ಬೇರನ್ನು ಜುಲೈ ಮಳೆಯಲ್ಲಿ ಗೇಣು ಅಂತರಕ್ಕೆ ನೆಟ್ಟರೆ ಎರಡು ತಿಂಗಳಿಗೆ ಹೆಣೆದುಕೊಳ್ಳುತ್ತದೆ. ನೀರಿದ್ದವರಿಗೆ ರೋಡ್ಸ್ ಹುಲ್ಲು, ನಾಗಮಂಗಲದ ಗರಸು ನೆಲಕ್ಕೆ ಸ್ಟೈಲೊ ಸೇರಿಸಬಹುದು.

ಗರಿಕೆ ಬಂದ ಮೇಲೆ ಬಯಲನ್ನು ಮೂರು ನಾಲ್ಕು ಭಾಗ ಮಾಡಿ. ಸೋಲಾರ್ ತಂತಿ ಬೇಲಿ ಸಾಕು. ಹುಲ್ಲು ಆರು ಅಂಗುಲವಾದಾಗ ಕುದುರೆ ಬಿಡಿ, ಮೂರು ಅಂಗುಲಕ್ಕೆ ಇಳಿದಾಗ ಎಬ್ಬಿಸಿ. ಮಳೆಗಾಲದಲ್ಲಿ ಮೂರು ನಾಲ್ಕು ವಾರ, ಒಣಗಾಲದಲ್ಲಿ ಅದಕ್ಕೂ ಹೆಚ್ಚು ಬಿಡುವು ಬೇಕು. ಬೇಸಿಗೆಯಲ್ಲಿ ಇಡೀ ಬಯಲನ್ನು ತುಳಿಸುವ ಬದಲು ಒಂದು ಸಣ್ಣ ಅಂಗಳದಲ್ಲಿ ಕಟ್ಟಿ ಒಣಹುಲ್ಲು ಹಾಕಿ. ಲದ್ದಿಯನ್ನು ವಾರಕ್ಕೆ ಎರಡು ಸಲವಾದರೂ ಬಾಚಿ ತೆಗೆದು, ರಾಶಿ ಹಾಕಿ ಬಿಸಿಯೇರಲು ಬಿಡಿ. ಕುದುರೆಯ ಹೊಟ್ಟೆಯಲ್ಲಿ ಸಾಯದ ಕಳೆ ಬೀಜಗಳು ಅಲ್ಲಿ ಸಾಯುತ್ತವೆ. ಕುದುರೆ ಎದ್ದ ಮೇಲೆ ನಾಲ್ಕು ಕುರಿ ಬಿಟ್ಟರೆ ಲದ್ದಿ ಮೂಲೆಯ ಹುಲ್ಲನ್ನೂ ಸವರುತ್ತವೆ. ಕುದುರೆಯ ಜಂತುಹುಳು ಕುರಿಯ ಹೊಟ್ಟೆಯಲ್ಲಿ ಬದುಕುವುದು ಅಪರೂಪ, ಹಾಗಾಗಿ ಅದೂ ಒಂದು ಲಾಭ.

ಕುದುರೆ ಸಾಕುವವರು ಬೆರಳೆಣಿಕೆ ಜನ, ಇಷ್ಟೆಲ್ಲ ಯಾಕೆ ಎನ್ನಬಹುದು. ಗೋಮಾಳದ ಕತೆಯೂ ಇದೇ ಆಗಿರುವುದರಿಂದ ಹೇಳುತ್ತಿದ್ದೇನೆ. 100 ದನಕ್ಕೆ 12 ಹೆಕ್ಟೇರ್ ಗೋಮಾಳ ಇರಬೇಕೆಂದು ಕರ್ನಾಟಕ ಭೂಕಂದಾಯ ನಿಯಮಗಳು ಹೇಳುತ್ತವೆ. ಒತ್ತುವರಿ ಬಿಟ್ಟು ಉಳಿದಿರುವ ತುಂಡುಗಳಲ್ಲಿ ವರ್ಷದ ಎಲ್ಲಾ ದಿನ ಎಲ್ಲರ ದನವೂ ಮೇಯುತ್ತದೆ, ಹುಲ್ಲು ಒಂದು ದಿನವೂ ಉಸಿರಾಡುವುದಿಲ್ಲ. ಆಗಸ್ಟ್ 16ರಿಂದ 22ರವರೆಗೆ ದೇಶದಾದ್ಯಂತ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ನಮ್ಮ ಕಡೆ ಮುಂಗಾರಿಗೆ ಮೊಳೆತ ಗಿಡ ಆ ಹೊತ್ತಿಗೆ ಎಷ್ಟೋ ಕಡೆ ಬೀಜ ಉದುರಿಸಿ ಆಗಿರುತ್ತದೆ. ಈ ನಾಲ್ಕು ತಾಲ್ಲೂಕಿನ ಗ್ರಾಮ ಪಂಚಾಯಿತಿಗಳಲ್ಲಿ ನನ್ನ ವಿನಂತಿ ಇಷ್ಟು: ಸಪ್ತಾಹಕ್ಕೆ ಕಾಯಬೇಡಿ, ಮೊದಲ ಹದಮಳೆಯಾದ ಮೂರನೆಯ ವಾರ ಊರಿನವರನ್ನು ಕರೆದುಕೊಂಡು ಗೋಮಾಳಕ್ಕೆ ಇಳಿಯಿರಿ, ಬಂದವರಿಗೆಲ್ಲ ಗವಸು ಕೊಡಿ. ಕಿತ್ತ ಮೇಲೆ ಗೋಮಾಳದ ಅರ್ಧಕ್ಕೆ ಬೇಲಿ ಹಾಕಿ ಸೆಪ್ಟೆಂಬರ್ ಮುಗಿಯುವವರೆಗೆ ಯಾರ ದನವನ್ನೂ, ಯಾರ ಕುದುರೆಯನ್ನೂ ಬಿಡಬೇಡಿ. ಮುಂದಿನ ವರ್ಷ ಉಳಿದ ಅರ್ಧ.